ಅರ್ಧ ದಿನದ ಕೆಲಸ, ಇಡೀ ದಿನದ ಮಗು

(ಕೆಲಸಕ್ಕೆ ಮರಳುತ್ತಿರುವ ತಾಯಂದಿರಿಗಾಗಿ ಮಂಡ್ಯದಲ್ಲಿ ನಡೆದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯ ಕೆಳಗಿನ ಭಾಗದಲ್ಲೇ ಸಣ್ಣದೊಂದು ಶಿಶುವಿಹಾರ ನಡೆಸುತ್ತೇನೆ. ಬೋರ್ಡಿನಲ್ಲಿ ಏನೇ ಇರಲಿ, ಫೋನ್ ಮಾಡುವವರೆಲ್ಲ ಕೇಳುವುದು "ಬೇಬಿ ಸಿಟ್ಟಿಂಗಾ?" ಅಂತಲೇ. ಮಕ್ಕಳ ಮೂಗು ಒರೆಸುವುದು, ಊಟ ಮಾಡಿಸುವುದು, ಮಲಗಿಸುವುದು ನನ್ನ ಕೆಲಸ. ಮೈಕ್ ಹಿಡಿದು ಅಭ್ಯಾಸ ಇಲ್ಲ. ಅದಕ್ಕೇ ದೊಡ್ಡ ವಿಷಯಕ್ಕೆ ಹೋಗದೆ, ಒಂದರಿಂದ ಮೂರು ವರ್ಷದೊಳಗಿನ ಮಗು ಇರುವವರು ಅರೆಕಾಲಿಕ ಕೆಲಸಕ್ಕೆ ಹೊರಟಾಗ ಏನೇನು ಯೋಚಿಸಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ. ನಾನು ಈ ದಂಧೆಯಲ್ಲೇ ಇರುವವಳು ಅನ್ನುವುದನ್ನು ನೆನಪಿಟ್ಟುಕೊಂಡೇ ಕೇಳಿ.

ನನಗೆ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ಬಹುತೇಕ ಒಂದೇ. "ಮೇಡಂ, ಹಾಫ್ ಡೇ ಅಷ್ಟೇ, ಎಷ್ಟಾಗುತ್ತೆ?" ಕೆಲಸ ಅರ್ಧ ದಿನ ಅಂದಮೇಲೆ ಮಗುವಿನ ಏರ್ಪಾಡೂ ಅರ್ಧ ಸಾಕು ಅಂತ ಅವರ ಲೆಕ್ಕ. ಆ ಲೆಕ್ಕ ಕೂಡುವುದಿಲ್ಲ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ ಇರುತ್ತದೆ.

ಕುವೆಂಪುನಗರದಲ್ಲಿ ಮನೆ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಫೀಸು ಅಂತ ಇಟ್ಟುಕೊಳ್ಳಿ. ಕೆಲಸ ಒಂಬತ್ತೂವರೆಯಿಂದ ಒಂದೂವರೆವರೆಗೆ. ಕಾಗದದ ಮೇಲೆ ನಾಲ್ಕು ಗಂಟೆ. ಮಗುವನ್ನು ಬಿಟ್ಟು, ಸ್ಕೂಟರ್ ತಿರುಗಿಸಿ, ಊರಿನ ಆ ಕೊನೆಗೆ ಹೋಗಬೇಕಾದರೆ ಎಂಟೂ ಮುಕ್ಕಾಲಿಗೆಲ್ಲ ನೀವು ನಮ್ಮ ಗೇಟಿನ ಮುಂದೆ ಇರಬೇಕು. ಮಧ್ಯಾಹ್ನ ಸರಿಯಾಗಿ ಒಂದೂವರೆಗೆ ಬ್ಯಾಗ್ ತಗುಲಿಸಿಕೊಂಡು ಏಳುವಾಗ ಯಾರೋ ಒಬ್ಬರು "ಇದೊಂದು ನೋಡಿಬಿಡಿ" ಅನ್ನುತ್ತಾರೆ. ವಾಪಸ್ ಬರುವಷ್ಟರಲ್ಲಿ ಎರಡೂಕಾಲು, ಎರಡೂವರೆ. ನಾಲ್ಕು ಗಂಟೆಯ ಕೆಲಸಕ್ಕೆ ಐದೂ ಮುಕ್ಕಾಲು ಗಂಟೆ ಮಗು ಬೇರೆಯವರ ಕೈಯಲ್ಲಿ. ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಅನ್ನುವುದನ್ನು ಬರೆದಿಟ್ಟುಕೊಳ್ಳದೆ ಎಲ್ಲೂ ಮಾತಾಡಲು ಹೋಗಬೇಡಿ.

ದುಡ್ಡಿನ ವಿಷಯ. ಅರ್ಧ ದಿನಕ್ಕೆ ಅರ್ಧ ಫೀಸು ಯಾಕಿಲ್ಲ ಅಂತ ಚೌಕಾಶಿ ಮಾಡುವವರು ತುಂಬ ಜನ. ನಿಮ್ಮ ಮಗು ಒಂದು ಗಂಟೆಗೆ ಹೊರಟರೆ ಅದರ ಜಾಗಕ್ಕೆ ಎರಡು ಗಂಟೆಗೆ ಇನ್ನೊಂದು ಮಗು ಬರುವುದಿಲ್ಲ. ನೋಡಿಕೊಳ್ಳುವ ಅಕ್ಕನಿಗೆ ಇಡೀ ತಿಂಗಳ ಸಂಬಳ ಕೊಡಲೇಬೇಕು. ಹಾಗಾಗಿ ಇಡೀ ದಿನಕ್ಕೆ ಆರು ಸಾವಿರ ಹೇಳುವವರು ಅರ್ಧ ದಿನಕ್ಕೆ ನಾಲ್ಕೂವರೆ ಹೇಳಿದರೆ ಅದು ಮೋಸ ಅಲ್ಲ. ನಿಮ್ಮ ಕಡೆಯಿಂದ ನೋಡಿದರೆ ಸಂಬಳ ಅರ್ಧಕ್ಕೆ ಇಳಿದಿದೆ, ಫೀಸು ಮುಕ್ಕಾಲಿನಲ್ಲೇ ನಿಂತಿದೆ. ಇಲ್ಲೇ ಮನೆಯಲ್ಲಿ ಆ ಮಾತು ಹುಟ್ಟುವುದು: "ಬರೋದೆಲ್ಲ ಬೇಬಿ ಸಿಟ್ಟಿಂಗಿಗೇ ಹೋದ್ರೆ ಯಾಕೆ ಹೋಗ್ಬೇಕು?" ಮಗುವಿನ ಫೀಸನ್ನು ಅಮ್ಮನ ಸಂಬಳದಿಂದ ಮಾತ್ರ ಯಾಕೆ ಕಳೆಯುತ್ತೀರಿ? ಮನೆಯ ಸಾಲದ ಕಂತನ್ನು ಯಾರೊಬ್ಬರ ಸಂಬಳದಿಂದ ಕಳೆದು "ನೀನು ದುಡಿದು ಏನು ಪ್ರಯೋಜನ" ಅಂತ ಕೇಳುವುದಿಲ್ಲ, ಅಲ್ವಾ? ಇದೂ ಮನೆಯ ಖರ್ಚು. ಇನ್ನೊಂದು, ಕೆಲಸದ ಬಾಗಿಲು ಪೂರ್ತಿ ಮುಚ್ಚಿಕೊಂಡು ನಾಲ್ಕು ವರ್ಷ ಬಿಟ್ಟು ತಟ್ಟಿದರೆ ಅದು ತೆರೆಯುತ್ತದೆ ಅಂತ ಹೇಳಲಾಗದು. ಈಗ ಕೈಗೆ ಉಳಿಯುವುದು ಕಡಿಮೆ ಇರಬಹುದು. ಅನುಭವ, ಪಿಎಫ್, ನಾಲ್ಕು ಜನರ ಪರಿಚಯ, ಇವು ಉಳಿಯುತ್ತವೆ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಅರೆಕಾಲಿಕ ಅಂದರೆ ದಿನಾ ಅರ್ಧ ದಿನವಾ, ವಾರಕ್ಕೆ ಮೂರು ಇಡೀ ದಿನವಾ?

ಎರಡು ಕಡೆಯೂ ಗಂಟೆಗಳು ಹತ್ತಿರ ಹತ್ತಿರ ಒಂದೇ. ಮಗುವಿಗೆ ಮಾತ್ರ ಎರಡೂ ಬೇರೆ ಬೇರೆ. ಮೈಸೂರಿನ ಒಳಗೇ ಮನೆ, ಒಳಗೇ ಕೆಲಸ ಇದ್ದರೆ ದಿನಾ ಅರ್ಧ ದಿನ ಒಳ್ಳೆಯದು. ಮಗುವಿಗೆ ಸೋಮವಾರದಿಂದ ಶುಕ್ರವಾರ ಒಂದೇ ಥರ ದಿನ ಸಿಗುತ್ತದೆ. ಎದ್ದ ಮೇಲೆ ಏನಾಗುತ್ತದೆ ಅಂತ ಅದಕ್ಕೆ ಗೊತ್ತಿರುತ್ತದೆ. ಮಂಡ್ಯದಿಂದ ಮೈಸೂರಿಗೆ ಓಡಾಡುವವರಿಗೆ ಇದು ಹೊಂದುವುದಿಲ್ಲ. ಸುಮಾರು 45 ಕಿಲೋಮೀಟರ್. ರೈಲು ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸಿದರೂ ಸ್ಟೇಷನ್‌ಗೆ ಹೋಗುವುದು, ಕಾಯುವುದು, ಇಳಿದ ಮೇಲೆ ಸಿಟಿ ಬಸ್ಸು, ಎಲ್ಲ ಸೇರಿ ನಾಲ್ಕು ಗಂಟೆಯ ಕೆಲಸಕ್ಕೆ ಮೂರು ಗಂಟೆಗೂ ಜಾಸ್ತಿ ದಾರಿಯಲ್ಲೇ ಕಳೆಯುತ್ತದೆ. ಅವರು ಮೂರು ಇಡೀ ದಿನ ಕೇಳಿಕೊಳ್ಳಲಿ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೇ ಹೋಗುವವರಿಗೆ ಬೇರೆ ದಾರಿಯೇ ಇಲ್ಲ. ಮಗು ಏಳುವ ಮೊದಲೇ ಅವರು ಮನೆ ಬಿಟ್ಟಿರುತ್ತಾರೆ.

ಮೂರು ದಿನ ಅಂದರೆ ಸೋಮವಾರ, ಬುಧವಾರ, ಶುಕ್ರವಾರ ಅಂತ ಹಂಚಿಕೊಳ್ಳುವವರಿದ್ದಾರೆ. ನಡುವೆ ವಿಶ್ರಾಂತಿ ಸಿಗುತ್ತದೆ ಅಂತ. ದೊಡ್ಡವರಿಗೆ ಸಿಗುತ್ತದೆ, ನಿಜ. ಹೊಸದಾಗಿ ಸೇರಿದ ಮಗುವಿಗೆ ಹಾಗೆ ಮಾಡಿದರೆ ಪ್ರತಿ ದಿನವೂ ಮೊದಲ ದಿನವೇ. ಬುಧವಾರ ಮತ್ತೆ ಅಳು, ಶುಕ್ರವಾರ ಮತ್ತೆ ಅಳು. ಒಂದರ ಹಿಂದೆ ಒಂದು ಮೂರು ದಿನ ಬಂದ ಮಗು ಬೇಗ ಹೊಂದಿಕೊಳ್ಳುವುದನ್ನು ನಾನು ನೋಡಿದ್ದೇನೆ. ವಾರದಿಂದ ವಾರಕ್ಕೆ ದಿನ ಬದಲಾಗುವುದು ಎಲ್ಲಕ್ಕಿಂತ ಕಷ್ಟ. ಅತಿಥಿ ಉಪನ್ಯಾಸಕಿಯರು ಇಲ್ಲಿ ಇದ್ದೀರಿ ಅಂತ ಕಾಣುತ್ತದೆ. ಟೈಮ್‌ಟೇಬಲ್ ಹಾಕುವ ದಿನವೇ ಹೋಗಿ ಕುಳಿತು, ಬೆಳಗಿನ ಪೀರಿಯಡ್ಡುಗಳನ್ನು ಒಟ್ಟಿಗೆ ಹಾಕಿಸಿಕೊಳ್ಳಿ. ಹತ್ತು ಗಂಟೆಗೆ ಒಂದು ಕ್ಲಾಸು, ಮೂರು ಗಂಟೆಗೆ ಒಂದು ಕ್ಲಾಸು ಅಂದರೆ ಅದು ಹೆಸರಿಗೆ ಮಾತ್ರ ಅರೆಕಾಲಿಕ.

ನಿದ್ದೆಯ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಒಂದೂವರೆ ವರ್ಷದ ಹೊತ್ತಿಗೆ ಬಹಳ ಮಕ್ಕಳು ದಿನಕ್ಕೆ ಒಂದೇ ಸಲ ಮಲಗುವುದಕ್ಕೆ ಬಂದಿರುತ್ತವೆ. ಊಟ ಮಾಡಿಸಿ ಹನ್ನೆರಡೂವರೆಗೆ ಮಲಗಿಸಿದರೆ ಎರಡೂವರೆವರೆಗೆ ಗಡದ್ದಾಗಿ ನಿದ್ದೆ. ಒಂದು ಗಂಟೆಗೇ ಕೆಲಸ ಮುಗಿಯುವ ಹಾಫ್ ಡೇ ಅಮ್ಮಂದಿರು ಬರುವುದು ಒಂದೂವರೆಗೆ! ಅರ್ಧ ನಿದ್ದೆಯಲ್ಲಿ ಎತ್ತಿ, ಸ್ಕೂಟರಿನ ಮುಂದೆ ಬಿಸಿಲಲ್ಲಿ ನಿಲ್ಲಿಸಿಕೊಂಡು ಮನೆಗೆ ಹೋದರೆ ಅದು ಮತ್ತೆ ಮಲಗುವುದಿಲ್ಲ. ಸಂಜೆ ಆರರವರೆಗೆ ರಚ್ಚೆ. ಆಮೇಲೆ "ನಿಮ್ಮಲ್ಲಿಗೆ ಬಂದಮೇಲೆ ಹಠಮಾರಿ ಆಗಿದ್ದಾಳೆ" ಅಂತ ನಮಗೆ ದೂರು. ಹನ್ನೆರಡಕ್ಕೆ ಮೊದಲು ಕರೆದುಕೊಂಡು ಹೋಗಿ, ಇಲ್ಲವಾದರೆ ಎರಡೂವರೆ ಆದ ಮೇಲೆ ಬನ್ನಿ. ಕೆಲಸದ ವೇಳೆ ಕೇಳಿಕೊಳ್ಳುವ ಅವಕಾಶ ಇದ್ದರೆ ಮಗುವಿನ ನಿದ್ದೆ ನೋಡಿಕೊಂಡು ಕೇಳಿ. ಒಂದು ಗಂಟೆ ತಡವಾಗಿ ಶುರು ಮಾಡಿ ಮೂರಕ್ಕೆ ಮುಗಿಸುತ್ತೇನೆ ಅಂದರೆ ಎಷ್ಟೋ ಕಡೆ ಒಪ್ಪುತ್ತಾರೆ.

ಇನ್ನು ಯಾರು ನೋಡಿಕೊಳ್ಳುವುದು. ಇಲ್ಲಿ ಕುಳಿತ ಮುಕ್ಕಾಲು ಜನರ ಉತ್ತರ ನನಗೆ ಗೊತ್ತು. ಅಮ್ಮ ಇದ್ದಾರೆ, ಅತ್ತೆ ಇದ್ದಾರೆ.

ಅಜ್ಜಿಯಷ್ಟು ನಂಬಿಕೆಯ ಮನುಷ್ಯರು ಬೇರೆ ಸಿಗುವುದಿಲ್ಲ. ಇದರಲ್ಲಿ ನಾನು ಪೈಪೋಟಿಗೆ ಇಳಿಯುವುದಿಲ್ಲ. ಆದರೆ ಬಾಣಂತನ ಮಾಡಿದ ಅಜ್ಜಿ ಬೇರೆ, ಒಂದೂವರೆ ವರ್ಷದ ಮಗುವಿನ ಹಿಂದೆ ಓಡುವ ಅಜ್ಜಿ ಬೇರೆ. ಮೂರು ತಿಂಗಳ ಕೂಸು ಹಾಕಿದಲ್ಲಿ ಇರುತ್ತದೆ. ನಡೆಯಲು ಕಲಿತದ್ದು ಮೆಟ್ಟಿಲು ಹತ್ತುತ್ತದೆ, ಟೀಪಾಯಿ ಹತ್ತುತ್ತದೆ, ಗ್ಯಾಸ್ ಒಲೆಯ ಗುಂಡಿ ತಿರುಗಿಸುತ್ತದೆ. ಅಜ್ಜಿಗೆ ಮಂಡಿ ನೋವು. ಸಕ್ಕರೆ, ಬಿಪಿ. ಮಧ್ಯಾಹ್ನ ಒಂದು ಗಂಟೆ ಅಡ್ಡಾಗದಿದ್ದರೆ ಸಂಜೆಗೆ ತಲೆ ಸುತ್ತುತ್ತದೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ. "ನನ್ನ ಮೊಮ್ಮಗು, ನಂಗೇನು ಕಷ್ಟ" ಅನ್ನುತ್ತಾರೆ. ಆ ಮಾತನ್ನು ಹಾಗೇ ನಂಬಿ ಆಫೀಸಿಗೆ ಹೋಗುವುದು ನಮಗೂ ಸಲೀಸು.

ಅಮ್ಮನ ಹತ್ತಿರ ಇದನ್ನೆಲ್ಲ ಮಾತಾಡುವುದು ಹೇಗೆ, ವ್ಯವಹಾರದ ಥರ ಆಗುತ್ತದಲ್ಲ ಅಂತ ಒಬ್ಬರು ಈಗಷ್ಟೇ ಕೇಳಿದರು. ವ್ಯವಹಾರ ಅಂತ ಅಲ್ಲದಿದ್ದರೂ ಕೆಲವು ಮಾತು ಮೊದಲೇ ಆಗಬೇಕು. ವಾರದಲ್ಲಿ ಯಾವ ದಿನ ಅವರಿಗೆ ಪೂರ್ತಿ ರಜೆ? ಅವರ ಭಜನೆ, ಡಾಕ್ಟರ ಚೆಕಪ್, ನಾದಿನಿಯ ಮನೆಯ ಗೃಹಪ್ರವೇಶ, ಇದಕ್ಕೆಲ್ಲ ಅವರು ನಿಮ್ಮನ್ನು ಕೇಳಿ ಹೋಗಬೇಕಾ? ಮಗುವನ್ನು ನೋಡಿಕೊಳ್ಳುವ ಹೊತ್ತಿನಲ್ಲಿ ಅಡುಗೆಯೂ ಅವರದೇನಾ? ಆಗಬಾರದು ಅಂತ ನಾನು ಹೇಳುತ್ತೇನೆ. ಒಲೆ ಮತ್ತು ನಡೆಯುವ ಮಗು ಎರಡನ್ನೂ ಒಬ್ಬರೇ ನೋಡಿಕೊಳ್ಳಲು ಆಗದು. ಮಧ್ಯಾಹ್ನದ ಊಟ ನೀವು ಬೆಳಗ್ಗೆಯೇ ಮಾಡಿಟ್ಟು ಹೋಗಿ, ಇಲ್ಲವೇ ಅಡುಗೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಮೊಬೈಲ್ ತೋರಿಸಿ ಉಣ್ಣಿಸುತ್ತಾರೆ, ಸಕ್ಕರೆ ಹಾಕಿ ಹಾಲು ಕೊಡುತ್ತಾರೆ ಅಂತ ಮಗಳೂ ಸೊಸೆಯೂ ಗೊಣಗುವುದು ಕೇಳಿದ್ದೇನೆ. ಎರಡು ಮೂರು ವಿಷಯ ಮಾತ್ರ ಗಟ್ಟಿಯಾಗಿ ಹೇಳಿ, ಮಿಕ್ಕಿದ್ದು ಬಿಟ್ಟುಬಿಡಿ. ಕಡಲೆಕಾಯಿ ಬೀಜ ಇಡಿಯಾಗಿ ಕೊಡಬೇಡಿ ಅನ್ನುವುದು ಗಟ್ಟಿಯಾಗಿ ಹೇಳಬೇಕಾದ ಮಾತು, ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ದೃಷ್ಟಿ ತೆಗೆದರಾ, ಹಣೆಗೆ ಕಪ್ಪು ಇಟ್ಟರಾ ಅನ್ನುವುದಕ್ಕೆಲ್ಲ ಜಗಳ ಬೇಡ.

ಹಳ್ಳಿಯಲ್ಲಿ ಇರುವ ಅಜ್ಜಿಯರು ಈಗ ವಾರಕ್ಕೆ ಎರಡು ದಿನ ಬಂದು ಹೋಗುವುದೂ ಸುಲಭ ಆಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಸೋಮವಾರ ಬಂದು ಮಂಗಳವಾರ ಸಂಜೆ ವಾಪಸ್ ಹೋಗುವ ಅಜ್ಜಿಯರು ನನಗೆ ಪರಿಚಯ ಇದ್ದಾರೆ. ಎರಡು ದಿನ ಅಜ್ಜಿ, ಮೂರು ದಿನ ನಮ್ಮಂಥವರು. ಇದು ನನಗೆ ತುಂಬ ಹಿಡಿಸಿದ ಏರ್ಪಾಡು. ಅಜ್ಜಿಗೂ ದಣಿವಿಲ್ಲ, ಮಗುವಿಗೂ ಎರಡು ಕಡೆ ಅಭ್ಯಾಸ. ಒಬ್ಬರು ಹುಷಾರಿಲ್ಲ ಅಂದರೆ ಇನ್ನೊಬ್ಬರು ಇರುತ್ತಾರೆ. ಮಗುವನ್ನೇ ಹಳ್ಳಿಯಲ್ಲಿ ಬಿಟ್ಟು ವಾರಕ್ಕೊಮ್ಮೆ ಹೋಗಿ ನೋಡಿ ಬರುವುದೂ ನಮ್ಮ ಕಡೆ ಇದೆ. ಬೇರೆ ದಾರಿಯೇ ಇಲ್ಲದವರನ್ನು ನಾನು ಬೈಯುವುದಿಲ್ಲ. ಅರೆಕಾಲಿಕ ಕೆಲಸ ಮಾಡುವವರಿಗೆ ಮಾತ್ರ ಅದು ಬೇಕಾಗಿಲ್ಲ.

ಅಂಗನವಾಡಿ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಕರ್ನಾಟಕದಲ್ಲಿ ಅಂಗನವಾಡಿ ಶುರುವಾಗಿದ್ದೇ ನಮ್ಮ ಟಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಈಗ ಅದು ಇಲ್ಲದ ಊರಿಲ್ಲ. ಆದರೆ ಅಲ್ಲಿ ಕೂರಿಸಿಕೊಂಡು ಕಲಿಸುವುದು 3ರಿಂದ 6 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವಕ್ಕೆ ಪೌಷ್ಟಿಕ ಆಹಾರ ಮನೆಗೆ ಕೊಡುತ್ತಾರೆ, ತೂಕ ನೋಡುತ್ತಾರೆ, ಚುಚ್ಚುಮದ್ದಿನ ದಿನ ನೆನಪಿಸುತ್ತಾರೆ. ಎರಡು ವರ್ಷದ ಮಗುವನ್ನು ದಿನವಿಡೀ ನೋಡಿಕೊಳ್ಳುವ ಜಾಗ ಅದಲ್ಲ. ಇತ್ತೀಚೆಗೆ ಕೇಂದ್ರದ ಪಾಲ್ನಾ ಯೋಜನೆಯಲ್ಲಿ ಕೆಲವು ಅಂಗನವಾಡಿಗಳನ್ನೇ ಶಿಶುಪಾಲನಾ ಕೇಂದ್ರ ಮಾಡುತ್ತಿದ್ದಾರೆ. ಅಲ್ಲಿ 6 ತಿಂಗಳಿನಿಂದ 6 ವರ್ಷದ ಮಕ್ಕಳನ್ನು ಇಟ್ಟುಕೊಳ್ಳಬಹುದು. ಹಳ್ಳಿಗಳಲ್ಲಿ ರಾಜ್ಯ ಸರ್ಕಾರದ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ಇದೆ. 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುತ್ತೇವೆ ಅಂದಿದ್ದರು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು ಅದು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಅಂತ ಹೋಗಿ ಕೇಳಿ, ನಡೆಯುತ್ತಿದೆಯಾ ಅಂತ ಕಣ್ಣಾರೆ ನೋಡಿ.

ಮನೆಗೇ ಒಬ್ಬರನ್ನು ಇಟ್ಟುಕೊಳ್ಳುವವರು ಗುರುತಿನ ಕಾಗದ ತೆಗೆದುಕೊಂಡು ಪೊಲೀಸ್ ಪರಿಶೀಲನೆ ಮಾಡಿಸಿಕೊಳ್ಳಿ. ಪಾತ್ರೆ, ಬಟ್ಟೆ, ಮಗು ಮೂರನ್ನೂ ಒಬ್ಬರ ತಲೆಗೇ ಕಟ್ಟಬೇಡಿ. ಮೊದಲು ಹಿಂದೆ ಬೀಳುವುದು ಮಗುವೇ. ಯಾಕಂದರೆ ಪಾತ್ರೆ ತೊಳೆಯದಿದ್ದರೆ ನಿಮಗೆ ಕಾಣುತ್ತದೆ, ಮಗುವಿನ ಜೊತೆ ಮಾತಾಡದಿದ್ದರೆ ಕಾಣುವುದಿಲ್ಲ.

ಈಗ ನಮ್ಮಂಥವರ ವಿಷಯಕ್ಕೆ ಬರುತ್ತೇನೆ. ಶಿಶುವಿಹಾರ ನೋಡಲು ಎಲ್ಲರೂ ಬರುವುದು ಬೆಳಗ್ಗೆ ಹತ್ತಕ್ಕೆ. ಆಗ ನೆಲ ಒರೆಸಿರುತ್ತೇವೆ, ಮಕ್ಕಳು ತಿಂಡಿ ತಿಂದು ಖುಷಿಯಾಗಿರುತ್ತವೆ, ನಾವೂ ಕಾಫಿ ಕುಡಿದು ನಗುತ್ತಿರುತ್ತೇವೆ. ಸಂಜೆ ನಾಲ್ಕೂವರೆಗೆ ಬನ್ನಿ. ನಿದ್ದೆಯಿಂದ ಎದ್ದ ಮಕ್ಕಳು, ದಣಿದ ಅಕ್ಕಂದಿರು, ಬರುತ್ತಿರುವ ಅಪ್ಪ ಅಮ್ಮಂದಿರು. ಆ ಹೊತ್ತಿನಲ್ಲಿ ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಟಿವಿ ಹಾಕಿದ್ದಾರಾ, ಒದ್ದೆ ಚಡ್ಡಿ ಎಷ್ಟು ಹೊತ್ತಿಗೆ ಬದಲಾಗುತ್ತದೆ, ಎಲ್ಲ ಗೊತ್ತಾಗುತ್ತದೆ. ಗೋಡೆಗೆ ಅಂಟಿಸಿದ ಆನೆ, ಜಿಂಕೆ, ಇಂಗ್ಲಿಷ್ ಅಕ್ಷರ ನೋಡಿ ಮರುಳಾಗಬೇಡಿ. ಎರಡು ವರ್ಷದ ಮಗುವಿಗೆ ಅಕ್ಷರ ಯಾಕೆ?

ನಮ್ಮ ಕಡೆಯ ಮನೆಗಳಲ್ಲಿ ನೆಲದಡಿ ಸಂಪು ಇರುತ್ತದೆ. ಮೊದಲು ಅದರ ಮುಚ್ಚಳ ನೋಡಿ. ಬೀಗ ಇದೆಯಾ, ಟ್ಯಾಂಕರ್ ಬಂದ ದಿನ ತೆರೆದೇ ಇಡುತ್ತಾರಾ? ಬಚ್ಚಲಲ್ಲಿ ತುಂಬಿಟ್ಟ ಬಕೆಟ್ ಕೂಡ ಸಣ್ಣ ಮಗುವಿಗೆ ಅಪಾಯವೇ. ತಲೆ ಕೆಳಗಾಗಿ ಬಿದ್ದರೆ ಅದಕ್ಕೆ ಏಳಲು ಬರುವುದಿಲ್ಲ. ಮೆಟ್ಟಿಲಿಗೆ ಅಡ್ಡ ಬಾಗಿಲು, ಗೇಟಿನ ಚಿಲಕ, ದೇವರ ದೀಪ, ಇನ್ವರ್ಟರ್ ವೈರು ನೋಡಿ. ಎರಡು ವರ್ಷದ ಒಳಗಿನ ಮಕ್ಕಳಾದರೆ ಒಬ್ಬ ಅಕ್ಕನಿಗೆ ನಾಲ್ಕೈದಕ್ಕಿಂತ ಜಾಸ್ತಿ ಇರಬಾರದು ಅನ್ನುವುದು ನನ್ನ ಅಭಿಪ್ರಾಯ. ಬೆಂಕಿ ಬಿದ್ದರೆ ಎಷ್ಟು ಮಕ್ಕಳನ್ನು ಒಂದೇ ಸಲ ಎತ್ತಿಕೊಂಡು ಓಡಬಲ್ಲಿರಿ ಅಂತ ಕೇಳಿ ನೋಡಿ, ಅವರೇ ಲೆಕ್ಕ ಹೇಳುತ್ತಾರೆ. ಆ ಮನೆಯಲ್ಲಿ ಇನ್ನು ಯಾರು ಯಾರು ವಾಸ ಇದ್ದಾರೆ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ನನ್ನನ್ನೂ ಕೇಳಿ. ಕೇಳಿದರೆ ಸಿಟ್ಟಾಗುವವರ ಮನೆಗೆ ಮಗು ಬಿಡಬೇಡಿ. ಮಗುವನ್ನು ಯಾರ ಕೈಗೆ ಕೊಡಬಹುದು ಅನ್ನುವುದನ್ನು ಫೋಟೋ ಸಮೇತ ಬರೆದು ಕೊಡಿ. "ನಾನು ಇವರ ಚಿಕ್ಕಪ್ಪ" ಅಂತ ಬಂದವರಿಗೆಲ್ಲ ಮಗು ಕೊಡುವ ಜಾಗ ಬೇಡ.

ರಜೆಯ ಪಟ್ಟಿ ಮೊದಲೇ ಇಸಿದುಕೊಳ್ಳಿ. ಸ್ಕೂಲಿನ ಜೊತೆ ನಡೆಯುವ ಪ್ಲೇ ಹೋಮುಗಳು ದಸರಾ ರಜೆಗೆ ಬಾಗಿಲು ಹಾಕುತ್ತವೆ. ನಿಮ್ಮ ಆಫೀಸಿಗೆ ಆಯುಧಪೂಜೆ, ವಿಜಯದಶಮಿ ಮಾತ್ರ ರಜೆ. ಜಂಬೂ ಸವಾರಿಯ ಹಿಂದಿನ ವಾರ ಮೈಸೂರಿನ ರಸ್ತೆಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು, ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಮಂಡ್ಯದವರಿಗಂತೂ ಕಾವೇರಿ ಗಲಾಟೆ ಹೇಳಬೇಕಾಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ರಸ್ತೆ ತಡೆ ಮೇಲೆ ರಸ್ತೆ ತಡೆ, 29ಕ್ಕೆ ಕರ್ನಾಟಕ ಬಂದ್. ಬಂದ್ ಮೊದಲೇ ಗೊತ್ತಿರುತ್ತದೆ, ರಜೆ ಹಾಕಬಹುದು. ದಿಢೀರ್ ಅಂತ ಹೆದ್ದಾರಿ ತಡೆದ ದಿನ ಅಮ್ಮ ಶ್ರೀರಂಗಪಟ್ಟಣದಲ್ಲಿ ಸಿಕ್ಕಿಕೊಂಡಿದ್ದರೆ ಮಗುವನ್ನು ಆರು ಗಂಟೆಗೆ ಯಾರು ಕರೆದುಕೊಂಡು ಹೋಗಬೇಕು? ಶಿಶುವಿಹಾರದಿಂದ ನಡೆದುಕೊಂಡು ಬರುವಷ್ಟು ಹತ್ತಿರದಲ್ಲಿ ಒಬ್ಬರು ಬೇಕು. ಪಕ್ಕದ ಮನೆಯ ಆಂಟಿ, ಗೆಳತಿ, ಯಾರಾದರೂ ಸರಿ. ಮಗು ಅವರನ್ನು ಮೊದಲೇ ನಾಲ್ಕು ಸಲ ನೋಡಿರಬೇಕು. ನಾನು ಅರ್ಧ ದಿನಕ್ಕೆ ಅರ್ಧ ಏರ್ಪಾಡು ಸಾಲದು ಅಂದಿದ್ದು ಇದಕ್ಕೇ. ನಿಮ್ಮ ಕೆಲಸ ನಾಲ್ಕೇ ಗಂಟೆ ಇರಬಹುದು. ಆ ನಾಲ್ಕು ಗಂಟೆ ಸುಸೂತ್ರವಾಗಿ ನಡೆಯಬೇಕಾದರೆ ಹಿಂದೆ ಇಬ್ಬರು ಮೂವರು ನಿಂತಿರಬೇಕು.

ಹುಷಾರಿಲ್ಲದ ದಿನಗಳು. ಹೊಸದಾಗಿ ಸೇರಿದ ಮಗುವಿಗೆ ಮೊದಲ ಕೆಲವು ತಿಂಗಳು ಪದೇ ಪದೇ ನೆಗಡಿ, ಕೆಮ್ಮು, ಜ್ವರ. ಜಾಗ ಕೊಳಕು ಅಂತಲೇ ಅರ್ಥ ಅಲ್ಲ. ಮನೆಯಲ್ಲಿ ನಾಲ್ಕು ಜನರ ನಡುವೆ ಇದ್ದ ಮಗು ಹತ್ತು ಮಕ್ಕಳ ನಡುವೆ ಬಂದಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲೇ ರಜೆಯನ್ನೆಲ್ಲ ಬೇರೆ ಕಾರಣಕ್ಕೆ ಮುಗಿಸಿಕೊಳ್ಳಬೇಡಿ, ಮಗುವಿಗಾಗಿ ಅದರ ಅಗತ್ಯ ಆಗಲೇ ಜಾಸ್ತಿ. ಜ್ವರ ಇದ್ದಾಗ ಬೆಳಗ್ಗೆ ಒಂದು ಡೋಸ್ ಸಿರಪ್ ಕುಡಿಸಿ, ಇಳಿದ ಮೇಲೆ ತಂದು ಬಿಟ್ಟು ಹೋಗುವವರಿದ್ದಾರೆ. ಹನ್ನೊಂದಕ್ಕೆ ಔಷಧಿ ಇಳಿಯುತ್ತದೆ, ಜ್ವರ ಏರುತ್ತದೆ, ಸಂಜೆಗೆ ಮಿಕ್ಕ ಮಕ್ಕಳಿಗೂ ಹಂಚಿರುತ್ತದೆ. ನಮಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ, ಸಿರಪ್ಪಿನ ವಾಸನೆ ಬಾಯಲ್ಲೇ ಇರುತ್ತದೆ. ಸೇರಿಸುವ ಮೊದಲು ಚುಚ್ಚುಮದ್ದು ಬರೆದಿರುವ ತಾಯಿ ಕಾರ್ಡ್ ತೆಗೆದು ನೋಡಿ. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೇ ಡೋಸು, ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್ ಇವೆ. ಒಂಬತ್ತು ತಿಂಗಳಿನ ಡೋಸು ಹಾಕಿಸಿದ ಮೇಲೆ ಇದನ್ನು ಮರೆತವರು ಬಹಳ.

ಅಳುವಿನ ಬಗ್ಗೆ ಎಲ್ಲರಿಗೂ ಭಯ. ಸುಮಾರು ಹತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಅಮ್ಮನನ್ನು ಬಿಟ್ಟಿರುವ ಅಂಜಿಕೆ ಜೋರಾಗಿರುತ್ತದೆ. ಅದು ಬೆಳವಣಿಗೆಯ ಭಾಗ. ಅಮ್ಮ ಇಲ್ಲ ಅಂತ ಗೊತ್ತಾಗುವಷ್ಟು ಬುದ್ಧಿ ಬಂದಿದೆ, ವಾಪಸ್ ಬರುತ್ತಾಳೆ ಅಂತ ನಂಬುವಷ್ಟು ಬಂದಿಲ್ಲ. ಮನೆಯ ಹಿರಿಯರು "ಕಣ್ತಪ್ಪಿಸಿ ಹೋಗಿಬಿಡು, ಗೊಂಬೆ ಕೊಟ್ಟು ನಾವು ಸಮಾಧಾನ ಮಾಡ್ತೀವಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕದ್ದು ಹೋದ ಅಮ್ಮನ ಮಗು ಮಾರನೇ ದಿನ ಆಟಕ್ಕೇ ಇಳಿಯುವುದಿಲ್ಲ, ಬಾಗಿಲನ್ನೇ ಕಾಯುತ್ತದೆ. "ಊಟ ಆದಮೇಲೆ ಬರ್ತೀನಿ" ಅಂತ ಹೇಳಿ, ಮುತ್ತು ಕೊಟ್ಟು, ಹೊರಡಿ. ಗಡಿಯಾರದ ಗಂಟೆ ಅದಕ್ಕೆ ಗೊತ್ತಿಲ್ಲ, ಊಟ ನಿದ್ದೆ ಗೊತ್ತು. ಹೇಳಿದ ಹೊತ್ತಿಗೆ ಬನ್ನಿ. ಗೇಟಿನ ಹತ್ತಿರ ನಿಂತು ಮೂರು ಸಲ ತಿರುಗಿ ಬಂದು ಅಪ್ಪಿಕೊಳ್ಳಬೇಡಿ, ಅದು ಮೂರು ಸಲ ಬಿಟ್ಟು ಹೋದಂತೆ.

ಕೆಲಸಕ್ಕೆ ಸೇರುವ ದಿನವೇ ಮಗುವನ್ನು ಸೇರಿಸಬೇಡಿ. ಎರಡು ವಾರ ಮೊದಲೇ ಶುರು ಮಾಡಿ. ಮೊದಲು ನೀವೂ ಜೊತೆಗೆ ಕೂರಿ, ಆಮೇಲೆ ಅರ್ಧ ಗಂಟೆ ಬಿಟ್ಟು ಹೋಗಿ, ಆಮೇಲೆ ಊಟದವರೆಗೆ, ಕೊನೆಗೆ ನಿದ್ದೆಯವರೆಗೆ. ನಿದ್ದೆ ಕೊನೆಯ ಮೆಟ್ಟಿಲು. ಬೇರೆ ಮನೆಯಲ್ಲಿ ನಿದ್ದೆ ಮಾಡಿತು ಅಂದರೆ ಹೊಂದಿಕೊಂಡಿತು ಅಂತ. ನಿಮ್ಮ ಹಳೇ ವೇಲು ಅಥವಾ ಸೀರೆಯ ತುಂಡು ಕೊಟ್ಟು ಕಳಿಸಿ, ಒಗೆಯದೆ. ಸಂಜೆ ನಿಮ್ಮನ್ನು ನೋಡಿದ ಕೂಡಲೇ ಇನ್ನೂ ಜೋರಾಗಿ ಅತ್ತರೆ ಗಾಬರಿ ಬೇಡ. ಇಡೀ ದಿನ ಅತ್ತಿದೆ ಅಂತ ಅರ್ಥ ಅಲ್ಲ. ತಡೆದುಕೊಂಡಿದ್ದನ್ನು ನಿಮ್ಮ ಮುಂದೆ ಬಿಚ್ಚುತ್ತಿದೆ. ವಾರಗಟ್ಟಲೆ ಆದರೂ ಊಟ ಮುಟ್ಟದೆ, ಆಡದೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಮಾತ್ರ ಜಾಗ ಬದಲಿಸುವ ಯೋಚನೆ ಮಾಡಿ.

ಬೇರೆಯವರ ಕೈಯಲ್ಲಿ ಬೆಳೆದ ಮಗು ಕೆಡುತ್ತದಾ ಅಂತ ಕೇಳುತ್ತಾರೆ. ಅಮೆರಿಕದಲ್ಲಿ 1991ರಲ್ಲಿ ಶುರು ಮಾಡಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ದೊಡ್ಡ ಅಧ್ಯಯನ ಒಂದಿದೆ. ಅಮ್ಮನೊಬ್ಬಳೇ ನೋಡಿಕೊಂಡ ಮಕ್ಕಳಿಗೂ ಬೇರೆಯವರೂ ನೋಡಿಕೊಂಡ ಮಕ್ಕಳಿಗೂ ಒಟ್ಟಾರೆ ಬೆಳವಣಿಗೆಯಲ್ಲಿ ಅಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಮನೆಯ ವಾತಾವರಣದ ಪ್ರಭಾವವೇ ಹೆಚ್ಚು ಅಂತ ಕಂಡರು. ನೋಡಿಕೊಳ್ಳುವ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ. ಅದು ಅವರ ದೇಶದ ಲೆಕ್ಕ, ನಿಜ. ಇದೇ ಥರ ಮಾತು ತಡವಾದರೂ ಶಿಶುವಿಹಾರದ ಮೇಲೆ ತಪ್ಪು ಹೊರಿಸುತ್ತಾರೆ. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಡ" ಅಂತ ಎರಡು ಪದ ಸೇರಿಸಿ ಹೇಳದಿದ್ದರೆ ಯಾರನ್ನೂ ದೂರದೆ ಸೀದಾ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಹೊರಗಿನ ರಾಜ್ಯಗಳಿಂದ ಜನ ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ, ನಮಗೆ ಊರಲ್ಲೇ ಇದೆ.

ಕಾನೂನನ್ನು ಬೇಗ ಮುಗಿಸುತ್ತೇನೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ನೋಡಿ ಬರಬಹುದು. ಮಗುವಿಗೆ 15 ತಿಂಗಳು ಆಗುವವರೆಗೆ ಹಾಲು ಕುಡಿಸಲು ಎರಡು ಬಿಡುವು ಕೊಡಬೇಕು. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವುದನ್ನು ಇಬ್ಬರೂ ಒಪ್ಪಿ ಮಾಡಿಕೊಳ್ಳಬಹುದು. ಕಾರ್ಖಾನೆಗಳಿಗಂತೂ 1948ರ ಕಾಯ್ದೆಯಲ್ಲೇ ಹೆಂಗಸರು ಹೆಚ್ಚು ಇರುವ ಕಡೆ ಶಿಶುವಿಹಾರ ಬೇಕು ಅಂತ ಬರೆದಿದ್ದರು. ಗಾರ್ಮೆಂಟ್ಸಿಗೆ ಹೋಗುವವರು ಕೇಳಿಕೊಳ್ಳಿ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ 180 ದಿನ ಶಿಶುಪಾಲನಾ ರಜೆ ಇದೆ, ಒಂದೇ ಸಲ ಮುಗಿಸಬೇಡಿ. ಕಾಗದದ ಮೇಲೆ ಇರುವುದೆಲ್ಲ ಕೈಗೆ ಸಿಗುವುದಿಲ್ಲ ಅಂತ ನನಗೂ ಗೊತ್ತು. ಇದೆ ಅಂತ ಗೊತ್ತಿದ್ದವರು ಕೇಳುವ ಧಾಟಿಯೇ ಬೇರೆ ಇರುತ್ತದೆ. ಮನೆಯಿಂದ ಕೆಲಸ ಅಂದಾಗ ಒಂದು ಮಾತು: ಆ ಹೊತ್ತಿನಲ್ಲೂ ಮಗುವಿಗೆ ಇನ್ನೊಬ್ಬರು ಬೇಕು. ಲ್ಯಾಪ್‌ಟಾಪ್ ಮುಂದೆ ಕುಳಿತ ಅಮ್ಮ ಮನೆಯಲ್ಲಿ ಇದ್ದರೂ ಮಗುವಿನ ಪಾಲಿಗೆ ಇಲ್ಲ.

ಅಪ್ಪಂದಿರು ಹಿಂದೆ ಇಬ್ಬರು ಕುಳಿತಿದ್ದೀರಿ, ಸಂತೋಷ. 2019ರಲ್ಲಿ ಸರ್ಕಾರ ದೇಶದಲ್ಲೆಲ್ಲ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳ ಇಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಹಾಗೆ ತೊಡಗುವ ಗಂಡಸರು 97. ತೊಡಗುವ ಗಂಡಸರೇ ಕಡಿಮೆ, ಅದು ಬೇರೆ ಮಾತು. ಹೆಂಡತಿ ಅರ್ಧ ದಿನ ಮನೆಯಲ್ಲಿ ಇರುತ್ತಾಳೆ ಅಂದ ಕೂಡಲೇ ಗ್ಯಾಸ್ ಬುಕ್ ಮಾಡುವುದು, ಬ್ಯಾಂಕು, ಮಾವನ ಡಾಕ್ಟರ್ ಭೇಟಿ ಎಲ್ಲ ಅವಳ ಪಾಲಿಗೆ ಬೀಳುತ್ತದೆ. ಸಂಬಳ ಅರ್ಧ, ಕೆಲಸ ಒಂದೂವರೆ. ಬೆಳಗ್ಗೆ ಮಗುವನ್ನು ಬಿಡುವುದು ಅಪ್ಪನ ಕೆಲಸ ಅಂತ ಮಾಡಿ. ಬಿಡುವುದು ಅಂದರೆ ಎಬ್ಬಿಸಿ, ರಾಗಿ ಸರಿ ಕುಡಿಸಿ, ಬ್ಯಾಗಿನಲ್ಲಿ ಡೈಪರ್, ಎರಡು ಜೊತೆ ಬಟ್ಟೆ ಹಾಕಿ, ಕರೆತಂದು ಬಿಡುವವರೆಗೆ. ಅಮ್ಮ ತಯಾರು ಮಾಡಿ ಕೈಗಿಟ್ಟ ಮಗುವನ್ನು ಕಾರಿನಲ್ಲಿ ತಂದು ಇಳಿಸುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪ ಬಿಟ್ಟು ಹೋದ ದಿನ ಮಗು ಕಡಿಮೆ ಅಳುತ್ತದೆ, ಇದು ನಾನು ದಿನಾ ನೋಡುವ ಸಂಗತಿ. ಶಿಶುವಿಹಾರದ ಫಾರ್ಮಿನಲ್ಲಿ ಮೊದಲ ಫೋನ್ ನಂಬರ್ ಜಾಗದಲ್ಲಿ ಅಪ್ಪನ ನಂಬರ್ ಬರೆಯಿರಿ. ಜ್ವರ ಬಂದರೆ ನಾವು ಮೊದಲು ಅದಕ್ಕೇ ಫೋನ್ ಮಾಡುವುದು.

ಕೊನೆಯಲ್ಲಿ ಒಬ್ಬರು ಕೇಳಿದ್ದು, ಸೇರಿಸಲು ಯಾವ ತಿಂಗಳು ಒಳ್ಳೆಯದು ಅಂತ. ನಿಮಗೆ ಆಯ್ಕೆ ಇದ್ದರೆ ಜೂನ್ ಬೇಡ. ಸ್ಕೂಲು ಶುರುವಾಗುವ ಹೊತ್ತಿಗೆ ಎಲ್ಲ ಕಡೆ ಹೊಸ ಮಕ್ಕಳೇ, ಎಲ್ಲರೂ ಒಟ್ಟಿಗೆ ಅಳುತ್ತಿರುತ್ತಾರೆ, ಮಳೆಗಾಲದ ನೆಗಡಿ ಬೇರೆ. ಅಕ್ಕಂದಿರಿಗೆ ನಿಮ್ಮ ಮಗುವನ್ನು ಎತ್ತಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಫೆಬ್ರವರಿ, ಮಾರ್ಚ್ ಒಳ್ಳೆಯದು. ದೊಡ್ಡ ಮಕ್ಕಳು ಅಷ್ಟು ಹೊತ್ತಿಗೆ ಹೊಂದಿಕೊಂಡಿರುತ್ತಾರೆ, ಹೊಸ ಮಗುವನ್ನು ಅವರೇ ಆಟಕ್ಕೆ ಎಳೆದುಕೊಳ್ಳುತ್ತಾರೆ. ಜೂನ್‌ನಲ್ಲೇ ಕೆಲಸಕ್ಕೆ ಸೇರಬೇಕು ಅನ್ನುವವರು ಮೇ ಮೊದಲ ವಾರವೇ ಮಗುವನ್ನು ಕರೆದುಕೊಂಡು ಬರಲು ಶುರು ಮಾಡಿ. ಆ ತಿಂಗಳು ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗುವ ಮಕ್ಕಳು ಜಾಸ್ತಿ, ನಮ್ಮಲ್ಲಿ ಜಾಗವೂ ಇರುತ್ತದೆ, ಪುರುಸೊತ್ತೂ ಇರುತ್ತದೆ.